ಹದಿನೇಳನೇ ಪದದ ಸೇವಾ ವಿಸ್ತರಣೆ

ಬೀದಿ ದೀಪದ ಕಂಬಗಳಿಗೆ ಸಂಖ್ಯೆ ಬರೆಸುವ ಇಲಾಖೆಯಲ್ಲಿ ಅರವತ್ತು ತುಂಬಿದವರು ಆ ತಿಂಗಳ ಕಡೆಯ ದಿನ ಸಂಜೆ ಐದೂವರೆಗೆ ನಿವೃತ್ತರಾಗತಕ್ಕದ್ದು. ಈ ನಿಯಮಕ್ಕೆ ಈವರೆಗೆ ಬಂದಿರುವ ಅಡ್ಡಿ ಒಂದೇ. ಅದು ಒಂದು ಫೋನು.

ಕ್ರಿಪ್ಟೋ ನಾಣ್ಯಗಳನ್ನು ಕಾಯುವ ತಿಜೋರಿಯೊಂದು ಆ ಫೋನಿನ ಹೊಟ್ಟೆಯೊಳಗೇ, ಉಗುರಿನಷ್ಟಗಲದ ಚಿಪ್‌ನಲ್ಲಿತ್ತು. ಕಚೇರಿಗೊಂದರಂತೆ ಮೇಲಿನಿಂದ ಬಂದಿತ್ತು. ನಾಣ್ಯ ಕೊಳ್ಳುವ ಕಡತ ಮಾತ್ರ ಇನ್ನೂ ಮೇಲೆಯೇ ಇದ್ದುದರಿಂದ ತಿಜೋರಿ ಖಾಲಿಯಿತ್ತು. ಆದರೂ ಭದ್ರತೆ ಭದ್ರತೆಯೇ ತಾನೆ. ಅದಕ್ಕೆ ಇಪ್ಪತ್ತನಾಲ್ಕು ಗುಪ್ತ ಪದಗಳ ಕೀಲಿ. ಅವನ್ನು ವರಸೆಯಾಗಿ ಹೇಳಿದರೆ ತೆರೆಯುತ್ತದೆ, ಒಂದು ತಪ್ಪಿದರೂ ಯಾರಪ್ಪ ಬಂದರೂ ತೆರೆಯುವುದಿಲ್ಲ. ‘ಯಾರಿಗೂ ಹೇಳಬೇಡಿ, ಎಲ್ಲೂ ಬರೆಯಬೇಡಿ’ ಎಂದು ಅಧೀಕ್ಷಕರು ಅಂದೇ ಸುತ್ತೋಲೆ ಹೊರಡಿಸಿದರು.

ಸಿಬ್ಬಂದಿಯೂ ಸರಿಯಾಗಿ ಇಪ್ಪತ್ತನಾಲ್ಕು ಮಂದಿ. ಒಬ್ಬರಿಗೇ ಪೂರ್ತಿ ಕೀಲಿ ಕೊಟ್ಟರೆ ಉಳಿದವರು ಮುಖ ಊದಿಸಿಕೊಳ್ಳುತ್ತಾರೆಂದು ಅಧೀಕ್ಷಕರು ಹುದ್ದೆಯ ಪ್ರಕಾರ ತಲೆಗೊಂದು ಪದ ಹಂಚಿದರು. ಒಬ್ಬೊಬ್ಬರೇ ದಾಸ್ತಾನು ಕೋಣೆಗೆ ಹೋಗಿ, ಪರದೆಯ ಮೇಲೆ ತಮ್ಮ ಪದ ನೋಡಿ, ‘ಮುಂದೆ’ ಒತ್ತಿ, ಏನೂ ಆಗದವರಂತೆ ಹೊರಬಂದರು. ಹದಿನೇಳನೆಯದು ಟಪಾಲು ವಿಭಾಗದ ಗುಮಾಸ್ತೆಗೆ ಬಂತು. ಎಲ್ಲರೂ ಆಕೆಯನ್ನು ಟಪಾಲಮ್ಮ ಎನ್ನುತ್ತಿದ್ದರು.

ಟಪಾಲಮ್ಮನಿಗೆ ಆ ತಿಂಗಳೇ ಅರವತ್ತು ತುಂಬಿತು. ಆಕೆಗೆ ಬೇಕಾಗಿದ್ದುದು ಒಂದೇ: ಅಕ್ಕನ ಜೊತೆ ಈಜು ಕಲಿಯುವುದು. ಮೂವತ್ತು ವರ್ಷದಿಂದ ಇಬ್ಬರೂ ಮುಂದೂಡಿಕೊಂಡು ಬಂದಿದ್ದ ಆಸೆ ಅದು. ಒಂದನೇ ತಾರೀಕಿನ ತರಗತಿಗೆ ಅಕ್ಕ ಇಬ್ಬರ ಹೆಸರೂ ಬರೆಸಿದ್ದಳು. “ನೀನಿಲ್ದೆ ನಾನು ನೀರಿಗೆ ಕಾಲೂ ಇಡಲ್ಲ ನೋಡು” ಎಂದೂ ಹೇಳಿದ್ದಳು.

ಕಡೆಯ ದಿನ ಟಪಾಲಮ್ಮ ಮೊಹರು, ಅಂಟು, ಗುಂಡುಸೂಜಿ ಎಲ್ಲವನ್ನೂ ಒಪ್ಪಿಸಿದಳು. ಅಧೀಕ್ಷಕರು ಪಟ್ಟಿ ನೋಡಿದರು.

“ಪದ?”

“ಅದನ್ನ ಹೇಗೆ ಒಪ್ಪಿಸೋದು ಸಾರ್?”

“ಎಲ್ಲಾ ಒಪ್ಪಿಸಿದ ಹಾಗೇ. ಮೂರು ಪ್ರತೀಲಿ ಬರ್ಕೊಡಿ.”

“ಬರೀಬಾರದು ಅಂತ ನಿಮ್ಮದೇ ಸುತ್ತೋಲೆ ಇದೆಯಲ್ಲ.”

ಅಧೀಕ್ಷಕರು ಸುತ್ತೋಲೆ ತರಿಸಿ ಓದಿದರು. ತಮ್ಮ ಸಹಿಯನ್ನು ನೋಡಿ ಹೆಮ್ಮೆಪಟ್ಟರು.

ಕೂಡಲೇ ಮೂವರ ಸಮಿತಿ ರಚನೆಯಾಯಿತು. ಸಮಿತಿಯ ಸಮಕ್ಷಮ ಟಪಾಲಮ್ಮ ತನ್ನ ಜಾಗಕ್ಕೆ ಬರುವವರ ಕಿವಿಯಲ್ಲಿ ಪದ ಉಸುರಬೇಕು, ಪದ ಸರಿಯಾಗಿದೆಯೆಂದು ಸಮಿತಿ ದೃಢೀಕರಿಸಬೇಕು, ಆದರೆ ಕೇಳಿಸಿಕೊಳ್ಳಕೂಡದು. ಸದಸ್ಯರು ಕಿವಿಗೆ ಹತ್ತಿ ತುರುಕಿಕೊಂಡು ಕುಳಿತರು. ‘ತುಟಿ ಅಲುಗಿದ್ದು ಕಂಡುಬಂದಿರುತ್ತದೆ, ಮಿಕ್ಕಂತೆ ಏನೂ ತಿಳಿದುಬಂದಿರುವುದಿಲ್ಲ’ ಎಂದು ವರದಿ ಕೊಟ್ಟರು. ಟಪಾಲಮ್ಮನ ಜಾಗಕ್ಕೆ ಇನ್ನೂ ಯಾರೂ ನೇಮಕವಾಗಿರಲಿಲ್ಲವಾದ್ದರಿಂದ ಆಕೆ ಉಸುರಿದ್ದು ಖಾಲಿ ಕುರ್ಚಿಗೆ. ಅದನ್ನು ಯಾರೂ ಆಕ್ಷೇಪಿಸಲಿಲ್ಲ.

ಜೀಪು ಚಾಲಕ ಆಕೆಯನ್ನು ಪಕ್ಕಕ್ಕೆ ಕರೆದ. “ಮರೆತುಹೋಯ್ತು ಅಂದ್ಬಿಡಿ ಅಮ್ಮಾ. ನಾನು ಮೊದಲ ದಿನವೇ ಮರೆತೆ. ಯಾರು ಕೇಳಿದ್ರೂ ಬಾಯಿ ಬಿಡಲ್ಲ ಅಂತ ಪ್ರಶಂಸಾ ಪತ್ರ ಕೊಟ್ರು.”

ಟಪಾಲಮ್ಮ ಹಾಗೇ ಹೇಳಿದಳು. ಅಧೀಕ್ಷಕರು ನಿಟ್ಟುಸಿರು ಬಿಟ್ಟು ನಮೂನೆಯೊಂದನ್ನು ಮುಂದೆ ತಳ್ಳಿದರು. ‘ಮರೆತಿರುವ ಪದವನ್ನು ಇಲ್ಲಿ ಸ್ಪಷ್ಟವಾಗಿ ಬರೆಯಿರಿ’ ಎಂದಿತ್ತು.

ಆಕೆಗೆ ಅಳು ಬಂತು. ಅಕ್ಕ ಪಾಪ, ದಡದಲ್ಲೇ ಕೂತಿರುತ್ತಾಳೆ. ಅಧೀಕ್ಷಕರು ಕಲ್ಲೆದೆಯವರೇನಲ್ಲ. ಐದು ಇಪ್ಪತ್ತೈದಕ್ಕೆ ಆದೇಶ ಹೊರಡಿಸಿದರು: ‘ಸದರಿ ನೌಕರರನ್ನು ನಿವೃತ್ತಿಗೊಳಿಸಲಾಗಿದೆ. ಸದರಿಯವರ ಬಳಿಯಿರುವ ಪದವನ್ನು ಸೇವೆಯಲ್ಲಿ ಮುಂದುವರಿಸಲಾಗಿದೆ. ಪದವು ಪ್ರತಿದಿನ ಹತ್ತು ಗಂಟೆಗೆ ಹಾಜರಾಗತಕ್ಕದ್ದು.’

“ಅಂದ್ರೆ ನಾನು ಬರಬೇಕಾ?”

“ನೀವ್ಯಾಕೆ ಬರ್ತೀರಿ? ನೀವು ನಿವೃತ್ತರು. ಪದ ಕಳಿಸಿ ಸಾಕು.”

ಮರುದಿನ ಟಪಾಲಮ್ಮ ಪದವನ್ನು ಕರೆದುಕೊಂಡು ಬಂದಳು. ಸಂಬಳವಿಲ್ಲ, ಹಾಜರಿಯಿದೆ. ಎರಡು ದಿನ ಕಳೆದ ಮೇಲೆ ಪದಕ್ಕೆ ರಜೆ ಕೇಳಿ ಅರ್ಜಿ ಹಾಕಿದಳು. ಪದ ಹೊಸದಾಗಿ ನೇಮಕವಾದದ್ದು, ಪರೀಕ್ಷಾರ್ಥ ಅವಧಿ ಎರಡು ವರ್ಷ, ಅಲ್ಲಿಯವರೆಗೆ ರಜೆಯಿಲ್ಲ ಎಂದು ಹಿಂಬರಹ ಬಂತು. ಆಗ ಆಕೆಗೂ ರೇಗಿತು. ಮೂವತ್ತೆಂಟು ವರ್ಷ ಇದೇ ಭಾಷೆಯ ಕಾಗದಗಳಿಗೆ ಅಂಟು ಹಚ್ಚಿದ ಕೈ ಆಕೆಯದು. ಕೂತು ಬರೆದಳು:

‘ಈಜುವವರು ನೀರಿನಲ್ಲಿ ಬಾಯಿ ತೆರೆಯತಕ್ಕದ್ದಲ್ಲವೆಂದು ತರಬೇತುದಾರರು ತಿಳಿಸಿರುತ್ತಾರೆ. ಆದಕಾರಣ ಗುಪ್ತ ಪದಕ್ಕೆ ಈಜುಕೊಳಕ್ಕಿಂತ ಭದ್ರವಾದ ಸ್ಥಳವಿರುವುದಿಲ್ಲ. ಪದವನ್ನು ಅಲ್ಲಿಗೆ ಕರ್ತವ್ಯದ ಮೇಲೆ ಕಳುಹಿಸಲು ಕೋರಿದೆ.’

ಅಧೀಕ್ಷಕರು ಎರಡು ಸಲ ಓದಿದರು. ಅವರ ಕಣ್ಣು ತುಂಬಿತು. “ಇಷ್ಟು ವರ್ಷ ನಿಮ್ಮನ್ನ ಬರೀ ಟಪಾಲಲ್ಲಿ ಇಟ್ಟಿದ್ವಲ್ಲ” ಎಂದರು. ಹದಿನೇಳನೇ ಪದ ಒಂದೇ ಭದ್ರವಾಗಿದ್ದರೆ ಸಾಲದೆಂದು ಇಪ್ಪತ್ತನಾಲ್ಕನ್ನೂ ಸೇರಿಸಿ ಮಂಜೂರು ಮಾಡಿದರು.

ಸೋಮವಾರದಿಂದ ಕಚೇರಿ ಈಜುಕೊಳದಲ್ಲಿ ನಡೆಯುತ್ತಿದೆ. ಆಳದ ಕಡೆ ಅಧಿಕಾರಿಗಳು, ಮೊಣಕಾಲುದ್ದದ ನೀರಿನಲ್ಲಿ ಜೀಪು ಚಾಲಕ, ನಡುವೆ ಕೈಕಾಲು ಬಡಿಯುತ್ತ, ಉಸಿರು ಸಿಕ್ಕಾಗಲೆಲ್ಲ ನಗುತ್ತ ಟಪಾಲಮ್ಮ. ಕಂಬದ ಸಂಖ್ಯೆ ಅಳಿಸಿಹೋಗಿದೆಯೆಂದು ಬರುವ ಸಾರ್ವಜನಿಕರು ದಡದಲ್ಲಿ ಸಾಲಾಗಿ ನಿಲ್ಲುತ್ತಾರೆ. ಬಾಯಿ ತೆರೆಯುವಂತಿಲ್ಲವಾದ್ದರಿಂದ ಯಾರೂ ಅವರಿಗೆ ಉತ್ತರ ಕೊಡುವುದಿಲ್ಲ. ಮೊದಲಿಗಿಂತ ಕೆಲಸ ಚುರುಕಾಗಿದೆಯೆಂದೇ ಜನರ ಅಭಿಪ್ರಾಯ.

ಅಕ್ಕನೂ ಬಂದಳು. ಇದು ಕಚೇರಿ, ಹೊರಗಿನವರಿಗೆ ಪ್ರವೇಶ ಮೂರರಿಂದ ನಾಲ್ಕು ಎಂದು ಕಾವಲುಗಾರ ತಡೆದ.

“ನನ್ನ ತಂಗಿ ಒಳಗಿದ್ದಾಳೆ ಕಣಪ್ಪಾ.”

“ತಂಗಿ ನಿವೃತ್ತರು ಅಮ್ಮಾ. ಒಳಗಿರೋದು ಪದ. ಪದಕ್ಕೆ ನೀವು ಏನಾಗಬೇಕು?”

ಅಕ್ಕ ಯೋಚಿಸಿದಳು. ಕೇಳಿದ್ದು ಸರಿಯಾಗಿಯೇ ಇದೆ ಅನ್ನಿಸಿತು. ಅರ್ಜಿ ನಮೂನೆ ತೆಗೆದುಕೊಂಡು, ಸಂಬಂಧ ಎಂಬಲ್ಲಿ ‘ದೊಡ್ಡಮ್ಮ’ ಎಂದು ಬರೆದು, ಮೂರು ಗಂಟೆಗೆ ಕಾಯುತ್ತ ಬೆಂಚಿನ ಮೇಲೆ ಕುಳಿತಳು.