ಡಾಕ್ಟರ್ ಹೆಗ್ಗಣನ ಸ್ಯಾಂಡ್‌ವಿಚ್

ಎಲ್ಲಕ್ಕೂ ಕಾರಣ ಅರ್ಧ ಸ್ಯಾಂಡ್‌ವಿಚ್.

ಎರಡು ವರ್ಷದಿಂದ ಐಡಾ ಜುಕರ್ ಮಧ್ಯಾಹ್ನ ತನ್ನ ಸ್ಯಾಂಡ್‌ವಿಚ್ಚನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಅರ್ಧವನ್ನು ಮೇಣದ ಕಾಗದದ ಸಮೇತ ಬಲಗಡೆಯ ಮೇಜಿಗೆ ತಳ್ಳುತ್ತಿದ್ದಳು. ಬಲಗಡೆ ಕೂರುತ್ತಿದ್ದವನು ಬರ್ನಿ ಪಿನ್ಸ್ಕರ್. ಇವನು ಏನೂ ಹೇಳದೆ ತಿನ್ನುತ್ತಿದ್ದ, ಅವಳು ಏನೂ ಹೇಳದೆ ಕೊಡುತ್ತಿದ್ದಳು. ಬರ್ನಿಯ ಲೆಕ್ಕದಲ್ಲಿ ಅದು ಅರ್ಧ ನಿಶ್ಚಿತಾರ್ಥ. ಉಳಿದರ್ಧಕ್ಕೆ ಬಾಯಿ ತೆರೆದು ಮಾತಾಡಬೇಕಿತ್ತು. ಅದೊಂದು ಅವನಿಂದ ಆಗಿರಲಿಲ್ಲ.

ಆ ಗುರುವಾರ ಸ್ಯಾಂಡ್‌ವಿಚ್ ಬಲಕ್ಕೆ ಬರುವ ಬದಲು ಎಡಕ್ಕೆ ಹೋಯಿತು. ಎಡಕ್ಕೆ ಲೆಸ್ಟರ್ ಹಲ್ಪರ್ನ್ ಕೂತಿದ್ದ.

"ಮೊಟ್ಟೆಯದಾ?" ಎಂದ ಲೆಸ್ಟರ್, ಕಾಗದ ಬಿಚ್ಚುತ್ತ.

"ಮೊಟ್ಟೆ, ಈರುಳ್ಳಿ. ಸಾಸಿವೆ ಸ್ವಲ್ಪ ಜಾಸ್ತಿ ಬಿದ್ದಿದೆ."

"ನೀನು ಹಾಕಿದ್ಮೇಲೆ ಯಾವುದೂ ಜಾಸ್ತಿ ಅಲ್ಲ ಬಿಡು."

ಐಡಾ ನಕ್ಕಳು. ಬರ್ನಿಯ ಕೈಯಲ್ಲಿದ್ದ ಪೆನ್ಸಿಲ್ಲಿನ ಮೊನೆ ಪಟಕ್ಕನೆ ಮುರಿಯಿತು.

ಮೂರನೇ ಅವೆನ್ಯೂದ ನಾಲ್ಕನೇ ಮಹಡಿಯಲ್ಲಿದ್ದ ಗ್ರೋಬಾರ್ಡನ ಅಂಗಡಿಯಲ್ಲಿ ಕಾಮಿಕ್ಸ್ ತಯಾರಾಗುತ್ತಿದ್ದ ರೀತಿ ದರ್ಜಿಗಳು ಅಂಗಿ ಹೊಲಿಯುವ ಹಾಗೆ. ಒಬ್ಬ ತೋಳು, ಒಬ್ಬ ಕಾಲರು. ಮೊದಲು ಬರ್ನಿ ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯಬೇಕು. ಹಾಳೆ ಐಡಾಳ ಮೇಜಿಗೆ ಹೋಗಿ ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬಿಸಿಕೊಳ್ಳಬೇಕು. ಮುದುಕ ಫೆರೆನ್ಸ್ ಹಿಂದಿನ ಕಟ್ಟಡಗಳನ್ನು ಕೂರಿಸಬೇಕು. ಕೊನೆಗೆ ಲೆಸ್ಟರ್ ಎಲ್ಲದರ ಮೇಲೆ ಇಂಕು ಎಳೆಯಬೇಕು. ಇಂಕು ಒಣಗಿದ ಮೇಲೆ ರಬ್ಬರಿನಿಂದ ಪೆನ್ಸಿಲ್ ಗೆರೆಯನ್ನೆಲ್ಲ ಉಜ್ಜಿ ತೆಗೆಯುತ್ತಿದ್ದರು. ಅಂದರೆ ಬರ್ನಿಯ ಕೆಲಸ ದಿನಾ ಸಂಜೆ ನೆಲದ ಮೇಲೆ ರಬ್ಬರಿನ ಪುಡಿಯಾಗಿ ಬಿದ್ದಿರುತ್ತಿತ್ತು. ಕಿಟಕಿಯ ಪಕ್ಕದಲ್ಲೇ ಮೇಲ್ಸೇತುವೆಯ ರೈಲು ಓಡುತ್ತಿತ್ತು. ಅದು ಬಂದಾಗಲೆಲ್ಲ ಕಟ್ಟಡ ನಡುಗುವುದರಿಂದ, ಎಲ್ಲರೂ ಮಾತಾಡುತ್ತಿದ್ದ ಮಾತನ್ನು ನಿಲ್ಲಿಸದೆ ಕೈಯನ್ನು ಮಾತ್ರ ಹಾಳೆಯಿಂದ ಮೇಲೆತ್ತುತ್ತಿದ್ದರು.

ಅವತ್ತು ನಾಲ್ಕು ಗಂಟೆಗೆ ಬ್ರೂಸ್ಟರ್ ಎಂಬ ದೊಡ್ಡ ಮನುಷ್ಯ ಬರುವವನಿದ್ದ. ದೇಶದ ದಿನಪತ್ರಿಕೆಗಳಿಗೆಲ್ಲ ಚಿತ್ರಕಥೆ ಹಂಚುವ ಕಂಪನಿಯವನು. ಗ್ರೋಬಾರ್ಡ್ ಅವನಿಗೆ 'ಕ್ಯಾಪ್ಟನ್ ದೀಪಸ್ತಂಭ' ಎಂಬ ಹೊಸ ಕಥೆಯ ಒಂದು ವಾರದ ಮಾದರಿ ತೋರಿಸಬೇಕೆಂದಿದ್ದ. ಎದೆಯಿಂದ ಬೆಳಕು ಬಿಟ್ಟು ಹಡಗು ಕಾಪಾಡುವ ಬಂದರಿನ ಶೂರ ಈ ಕ್ಯಾಪ್ಟನ್.

ಕಾಮಿಕ್ಸ್ ಪುಸ್ತಕದಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ದಿನಪತ್ರಿಕೆಯಲ್ಲಾದರೆ ಚಿತ್ರದ ಮೂಲೆಯಲ್ಲಿ ಬರೆದವನ ಸಹಿ ಬೀಳುತ್ತದೆ. ಐಡಾಳ ತಾಯಿ ಶ್ರೀಮತಿ ಜುಕರ್ ಕಾಮಿಕ್ಸ್ ಪುಸ್ತಕವನ್ನು ಕಸ ಎನ್ನುತ್ತಿದ್ದಳು. ಆದರೆ ಬೆಳಿಗ್ಗೆ ಪೇಪರ್ ಬಂದರೆ ಮೊದಲು ಬಿಡಿಸುವುದು ಚಿತ್ರಕಥೆಯ ಪುಟವನ್ನೇ. ಆ ಪುಟದಲ್ಲಿ 'ಪಿನ್ಸ್ಕರ್' ಎಂದು ಬಿದ್ದರೆ ಸಾಕು, ಅವರ ಮನೆಯಿದ್ದ ಬ್ರಾಂಕ್ಸಿಗೆ ಹೋಗಿ ಹೆಣ್ಣು ಕೇಳಲು ಅವಳ ಬಾಗಿಲು ತಟ್ಟಬಹುದು ಎಂದು ಬರ್ನಿ ಲೆಕ್ಕ ಹಾಕಿಟ್ಟಿದ್ದ.

ಈಗ ಆ ಬಾಗಿಲನ್ನು ಲೆಸ್ಟರ್ ಮೊದಲೇ ತಟ್ಟುವ ಹಾಗೆ ಕಾಣುತ್ತಿತ್ತು.

ಹಾಳೆಯ ಮೇಲೆ ಇನ್ನೂ ಒಂದು ಮುಖ ಬಾಕಿ ಇತ್ತು. ಕಥೆಯ ಕಳ್ಳ, ಡಾಕ್ಟರ್ ಹೆಗ್ಗಣ. 'ನೋಡಿದರೆ ಓದುಗರಿಗೆ ಮೈ ಉರಿಯಬೇಕು' ಎಂದಷ್ಟೇ ಕಥೆಗಾರ ಬರೆದುಕೊಟ್ಟಿದ್ದ. ಬೆಳಗಿನಿಂದ ಬರ್ನಿಗೆ ಅಂಥ ಮುಖ ಹೊಳೆದಿರಲಿಲ್ಲ. ಈಗ ತಲೆ ಎತ್ತಿ ನೋಡಿದ. ನುಣ್ಣಗೆ ಹಿಂದಕ್ಕೆ ಬಾಚಿದ ಕೂದಲು, ಎರಡು ಗೆರೆ ಮೀಸೆ, ನಕ್ಕರೆ ಮುಂದೆ ಬರುವ ಎರಡು ಹಲ್ಲು, ಬಾಯಿಯ ಮೂಲೆಯಲ್ಲಿ ಒಂದು ಚುಕ್ಕೆ ಸಾಸಿವೆ. ಮೈ ಉರಿಯುವುದಕ್ಕೆ ಇನ್ನೇನು ಬೇಕು? ಹೊಸ ಮೊನೆ ಹೆರೆದು ಶುರು ಮಾಡಿದ. ಕೈ ತಾನಾಗಿ ಓಡಿತು. ಮೀಸೆ ಬಂತು, ಹಲ್ಲು ಬಂತು. ಆದರೂ ಉರಿ ಇಳಿಯಲಿಲ್ಲ. ಚೌಕ ಚೌಕಕ್ಕೂ ಡಾಕ್ಟರ್ ಹೆಗ್ಗಣನ ಕೈಗೆ ಬೇರೆಯವರಿಂದ ಕದ್ದ ಅರ್ಧ ಸ್ಯಾಂಡ್‌ವಿಚ್ ಕೊಟ್ಟ. ಬ್ಯಾಂಕಿನ ಬೀಗ ಒಡೆಯುವಾಗಲೂ ಸ್ಯಾಂಡ್‌ವಿಚ್, ಹಡಗು ಮುಳುಗಿಸುವಾಗಲೂ ಸ್ಯಾಂಡ್‌ವಿಚ್.

ಎರಡು ವರ್ಷದಲ್ಲಿ ಅಷ್ಟು ಚೆನ್ನಾದ ಕೆಲಸ ಅವನ ಕೈಯಿಂದ ಬಂದಿರಲಿಲ್ಲ. ಕುರ್ಚಿಗೆ ಒರಗಿ ಒಂದು ಉಸಿರು ಬಿಟ್ಟ. ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ನೆನಪಾಯಿತು: ಇದಕ್ಕೆ ಇಂಕು ಹಾಕುವವನು ಲೆಸ್ಟರ್.

ರಬ್ಬರಿಗೆ ಕೈ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಒಂದು ದಪ್ಪ ಕೈ ಬಂದು ಹಾಳೆಗಳನ್ನು ಎತ್ತಿಕೊಂಡಿತು. ಗ್ರೋಬಾರ್ಡ್.

"ಮುಗೀತಲ್ಲ. ಇನ್ನೇನು ಪೂಜೆ ಮಾಡ್ತಾ ಕೂತಿದೀಯಾ?"

"ಸಾರ್, ಒಂದು ಮುಖ ಸರಿ ಬಂದಿಲ್ಲ."

"ನಿನ್ನ ಮುಖ ಸರಿ ಇಲ್ಲ. ಇದು ಚೆನ್ನಾಗೇ ಇದೆ." ಗ್ರೋಬಾರ್ಡ್ ಚುಟ್ಟದ ಬೂದಿಯನ್ನು ನೆಲಕ್ಕೆ ಕೊಡವಿ ಹಾಳೆಗಳನ್ನು ಐಡಾಳ ಮುಂದೆ ಇಟ್ಟ. "ಬೇಗ ಬರೀಮ್ಮಾ. ನಾಲ್ಕಕ್ಕೆ ಆ ಮನುಷ್ಯ ಬಂದುಬಿಡ್ತಾನೆ."

ಐಡಾ ಮೊದಲ ಹಾಳೆ ನೋಡಿದಳು. ಆಮೇಲೆ ಲೆಸ್ಟರನನ್ನು ನೋಡಿದಳು. ಮತ್ತೆ ಹಾಳೆ ನೋಡಿದಳು. ಅವಳ ಕಿವಿ ಕೆಂಪಾಯಿತು.

"ಬರ್ನಿ," ಎಂದಳು ಮೆಲ್ಲಗೆ, "ಸ್ಯಾಂಡ್‌ವಿಚ್ಚನ್ನ ಮೂಲೆಯಿಂದ ಮೂಲೆಗೆ ಕತ್ತರಿಸಿದೀಯ."

"ಎಲ್ಲರೂ ಹಾಗೇ ಕತ್ತರಿಸ್ತಾರೆ."

"ನಮ್ಮ ಮನೇಲಿ ಮಾತ್ರ ಹಾಗೆ. ಉಳಿದವರೆಲ್ಲ ನೆಟ್ಟಗೆ ಕತ್ತರಿಸ್ತಾರೆ." ತುಟಿ ಕಚ್ಚಿಕೊಂಡು ನಿಬ್ಬನ್ನು ಇಂಕಿಗೆ ಅದ್ದಿದಳು. "ನಾಲ್ಕು ಗಂಟೆ ಕಳೀಲಿ. ನಿನ್ನ ಹತ್ರ ಒಂದು ವಿಷಯ ಹೇಳಬೇಕು."

ಹೆಣ್ಣು ಎಡಗಡೆಯವನಿಗೆ ಊಟ ಕೊಟ್ಟು ಬಲಗಡೆಯವನಿಗೆ ವಿಷಯ ಹೇಳುತ್ತೇನೆ ಎಂದರೆ ಆ ವಿಷಯ ಏನು ಅಂತ ಯಾರಾದರೂ ಊಹಿಸಬಹುದು.

ಅಕ್ಷರ ಮುಗಿದು ಹಾಳೆ ಫೆರೆನ್ಸನ ಮೇಜಿಗೆ ಹೋಯಿತು. ಬುಡಾಪೆಸ್ಟಿನಲ್ಲಿ ಚರ್ಚಿನ ಗೋಡೆಗೆ ದೇವದೂತರನ್ನು ಬರೆದವನು ಇಲ್ಲಿಗೆ ಬಂದು ಉಗ್ರಾಣ ಬರೆಯುತ್ತಿದ್ದ. ಹಾಳೆ ನೋಡಿದ್ದೇ ಅವನ ಭುಜ ಕುಣಿಯತೊಡಗಿತು.

"ತಾತ, ಬಾಯಿ ಮುಚ್ಚಿಕೊಂಡಿರು," ಎಂದು ಬರ್ನಿ ಬಗ್ಗಿ ಪಿಸುಗುಟ್ಟಿದ.

"ನಾನೇನಂದೆ? ಕಟ್ಟಡ ಬರೆಯೋನಿಗೆ ಮನುಷ್ಯರ ಮುಖ ಗೊತ್ತಾಗಲ್ಲಪ್ಪ." ಹಾಗೆಂದವನು ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ ಬರೆದ. ಕಿಟಕಿಯೊಳಗೆ ಖಾಲಿ ತಟ್ಟೆ ಹಿಡಿದುಕೊಂಡ ಒಬ್ಬ ಬಡಪಾಯಿಯನ್ನು ಕೂರಿಸಿದ. ಅವನ ಮೂಗು ಪೂರ್ತಿ ಬರ್ನಿಯದು.

ಬರ್ನಿ ಅದನ್ನು ಅಳಿಸಲು ಹೋಗುವಷ್ಟರಲ್ಲಿ ರೈಲು ಬಂತು. ಕಟ್ಟಡ ನಡುಗಿತು, ಎಲ್ಲರ ಕೈ ಮೇಲೆದ್ದಿತು. ರೈಲು ದಾಟಿ ಹೋದಾಗ ಹಾಳೆಗಳು ಲೆಸ್ಟರನ ಮೇಜಿನ ಮೇಲಿದ್ದವು.

ಲೆಸ್ಟರ್ ಕುಂಚ ಹಿಡಿದು ತುಂಬ ಹೊತ್ತು ನೋಡಿದ. ಫೆರೆನ್ಸ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡ. ಬರ್ನಿ ಮನಸ್ಸಿನಲ್ಲೇ ಕೋಟು ಎಲ್ಲಿದೆ, ಬಾಗಿಲು ಎಷ್ಟು ದೂರ ಎಂದು ನೋಡಿಕೊಂಡ.

"ಬರ್ನಿ."

"ಏನು?"

"ಎಂಥ ದರಿದ್ರ ಮುಖ ಕಣೋ ಇದು. ಎಲ್ಲಿ ಸಿಕ್ಕಿದ ನಿನಗೆ ಇವನು?"

"ಹೀಗೇ... ದಾರೀಲಿ."

"ನೋಡಿದ್ರೆ ಕೆನ್ನೆಗೆ ಎರಡು ಬಿಗಿಯೋಣ ಅನ್ಸುತ್ತೆ. ಇಂಥವನ ಜೊತೆ ದಿನಾ ಬೆಳಿಗ್ಗೆ ಏಳೋಳ ಗತಿ ಏನು, ಪಾಪ." ಅಂಗಿಯ ತೋಳು ಮಡಿಸಿ ಲೆಸ್ಟರ್ ಕುಂಚವನ್ನು ಇಂಕಿಗೆ ಅದ್ದಿದ. "ಇರು, ಹಲ್ಲಿಗೆ ಇನ್ನೊಂದು ಚೂರು ಹೊಳಪು ಕೊಡ್ತೀನಿ."

ಕೊಟ್ಟ. ಮೀಸೆಗೆ ಎಣ್ಣೆ ಹಚ್ಚಿದಂಥ ಮಿರುಗು ಕೊಟ್ಟ. ಹಲ್ಲನ್ನು ಬೀದಿ ದೀಪದ ಹಾಗೆ ಬೆಳಗಿಸಿದ. ಮನುಷ್ಯ ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುವುದು ತನ್ನನ್ನಲ್ಲ, ತಾನು ಅಂದುಕೊಂಡಿರುವವನನ್ನು.

ನಾಲ್ಕಕ್ಕೆ ಬ್ರೂಸ್ಟರ್ ಬಂದ. ಎತ್ತರದ ಮನುಷ್ಯ, ಕೈಯಲ್ಲಿ ಹ್ಯಾಟು, ನಗಲು ಕಾಸು ಕೇಳುವಂಥ ಮುಖ. ಕ್ಯಾಪ್ಟನ್ ದೀಪಸ್ತಂಭನನ್ನು ನೋಡಿ, "ಇಂಥ ಗದ್ದದ ಶೂರರು ನಮ್ಮಲ್ಲಿ ಆಗಲೇ ಆರು ಜನ ಇದ್ದಾರೆ," ಎಂದ. ಗ್ರೋಬಾರ್ಡನ ಚುಟ್ಟ ಕೆಳಕ್ಕೆ ಜೋತುಬಿತ್ತು. ಬ್ರೂಸ್ಟರ್ ಎರಡನೇ ಹಾಳೆ ತಿರುವಿದ. ಮೂರನೇದು ತಿರುವಿದ. ಅವನ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಸದ್ದಾಯಿತು. ಅದು ನಗು ಎಂದು ಗೊತ್ತಾಗಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕಾಯಿತು.

"ಈ ಕಳ್ಳ ಯಾವಾಗ್ಲೂ ಏನು ತಿಂತಾ ಇರ್ತಾನೆ?"

"ಸ್ಯಾಂಡ್‌ವಿಚ್ ಸಾರ್," ಎಂದ ಗ್ರೋಬಾರ್ಡ್, ಅದನ್ನು ಆಗಷ್ಟೇ ಕಂಡವನು.

"ಕ್ಯಾಪ್ಟನ್ನನ್ನ ಬಿಸಾಕಿ. ನನಗೆ ಈ ಹೆಗ್ಗಣ ಬೇಕು. ದಿನಾ ಬೇಕು, ಭಾನುವಾರ ಬಣ್ಣದಲ್ಲಿ ಬೇಕು." ಬ್ರೂಸ್ಟರ್ ಕೋಣೆಯ ಸುತ್ತ ಕಣ್ಣಾಡಿಸಿದ. "ಬರೆದವರು ಯಾರು?"

ಬರ್ನಿ ಎದ್ದು ನಿಂತ. ಶ್ರೀಮತಿ ಜುಕರಳ ಬಾಗಿಲು ಕಣ್ಣೆದುರು ತೆರೆದುಕೊಂಡಿತು. ಬಾಯಿಯೂ ತೆರೆದುಕೊಂಡಿತು. ಅಷ್ಟರಲ್ಲಿ ಬ್ರೂಸ್ಟರನ ಕಣ್ಣು ಲೆಸ್ಟರನ ಮೇಲೆ ನಿಂತಿತ್ತು. ಉಳಿಸಿಕೊಂಡಿದ್ದ ಸ್ಯಾಂಡ್‌ವಿಚ್ ತುದಿಯನ್ನು ಲೆಸ್ಟರ್ ಆಗತಾನೇ ಬಾಯಿಗೆ ಇಡುತ್ತಿದ್ದ.

"ಅಯ್ಯೋ ದೇವರೇ, ನೀವೇ," ಎಂದ ಬ್ರೂಸ್ಟರ್, ಹಾಳೆಯನ್ನು ಲೆಸ್ಟರನ ಕೆನ್ನೆಯ ಪಕ್ಕ ಹಿಡಿದು. "ಸ್ವಂತ ಮುಖಾನೇ ಕಳ್ಳನಿಗೆ ಕೊಟ್ಟಿದೀರಲ್ಲ. ಇಪ್ಪತ್ತು ವರ್ಷದಲ್ಲಿ ಇಂಥ ದೊಡ್ಡ ಮನಸ್ಸಿನ ಕಲಾವಿದನ್ನ ನಾನು ಕಂಡಿಲ್ಲ."

ಲೆಸ್ಟರ್ ಹಾಳೆಯನ್ನು ನೋಡಿದ. ಕಿಟಕಿಯ ಗಾಜಿನಲ್ಲಿ ತನ್ನ ಪ್ರತಿಬಿಂಬ ನೋಡಿದ. ಅಗಿಯುವುದನ್ನು ನಿಲ್ಲಿಸಿದ.

ಬರ್ನಿ ತೆರೆದ ಬಾಯಿಯಲ್ಲೇ ನಿಂತಿದ್ದ. ಬರೆದವನು ನಾನು ಎನ್ನಬೇಕು. ಎಂದರೆ ಪಕ್ಕದ ಮೇಜಿನವನನ್ನು ಹೆಗ್ಗಣ ಮಾಡಿದವನೂ ನಾನೇ ಎಂದು ಐಡಾಳ ಎದುರಿಗೆ ಒಪ್ಪಿಕೊಳ್ಳಬೇಕು. ಯಾಕೆ ಮಾಡಿದೆ ಎಂದು ಕೇಳಿದರೆ ಅರ್ಧ ಸ್ಯಾಂಡ್‌ವಿಚ್ಚಿಗಾಗಿ ಎನ್ನಬೇಕು. ಬಾಯಿ ಮುಚ್ಚಿಕೊಂಡಿತು.

ವ್ಯಾಪಾರದ ವಾಸನೆ ಹಿಡಿಯುವುದರಲ್ಲಿ ಗ್ರೋಬಾರ್ಡನಿಗೆ ತಡವಾಗುತ್ತಿರಲಿಲ್ಲ. "ನಮ್ಮ ಲೆಸ್ಟರೇ ಸಾರ್. ನಾಚಿಕೆ ಸ್ವಭಾವ, ಬಾಯಿ ಬಿಡೋದಿಲ್ಲ."

"ಸಹಿ ಇವರದೇ ಇರಲಿ. ಫೋಟೋನೂ ಹಾಕ್ತೀವಿ," ಎಂದ ಬ್ರೂಸ್ಟರ್. "ನಾಳೆ ಬೆಳಿಗ್ಗೆ ನಾನು ಷಿಕಾಗೋ ರೈಲು ಹತ್ತೋದ್ರೊಳಗೆ, ಹೆಗ್ಗಣನನ್ನೇ ಮುಂದಿಟ್ಟು ವಾರದ್ದಷ್ಟನ್ನೂ ಹೊಸದಾಗಿ ಬರೆದು ಕೊಡಿ."

ಅವನು ಹೋದ ಮೇಲೆ ಗ್ರೋಬಾರ್ಡ್ ಬರ್ನಿಯ ಭುಜ ತಟ್ಟಿದ. "ಹೆಸರಲ್ಲೇನಿದೆಯಪ್ಪಾ? ಕೆಲಸ ನಿಂದು ತಾನೇ? ಕೂತ್ಕೋ. ಇವತ್ತು ನೀನು ಪೆನ್ಸಿಲ್ ಮುಗಿಸು. ಅಕ್ಷರ, ಇಂಕು ಬೆಳಿಗ್ಗೆ ನೋಡ್ಕೊಳ್ಳೋಣ. ಉಳಿದೋರು ಮನೆಗೆ ಹೋಗಿ."

ಲೆಸ್ಟರ್ ಮೇಜಿನ ಹತ್ತಿರ ಬಂದ. ಬರ್ನಿ ಕೆನ್ನೆ ಗಟ್ಟಿ ಮಾಡಿಕೊಂಡ.

"ಬರ್ನಿ, ನಿಜ ಹೇಳ್ತೀನಿ, ಮೊದಲು ಬೇಜಾರಾಯ್ತು," ಎಂದ ಲೆಸ್ಟರ್. "ಆದರೆ ಇಡೀ ದೇಶ ನನ್ನ ಮುಖ ನೋಡೋ ಹಾಗೆ ಮಾಡಿದೆಯಲ್ಲ, ಹುಟ್ಟಿಸಿದ ಅಪ್ಪನೂ ಮಾಡ್ಲಿಲ್ಲ ಕಣೋ ಅದನ್ನ. ನಾಳೆಯಿಂದ ಮೂಗು ಒಂದು ಚೂರು ಚಿಕ್ಕದು ಮಾಡು."

ಐಡಾ ಕೋಟು ಹಾಕಿಕೊಂಡು ಬಂದು ನಿಂತಳು.

"ಹೇಳಬೇಕು ಅಂದಿದ್ನಲ್ಲ ಆ ವಿಷಯ," ಎಂದಳು. "ಅಮ್ಮ ಇವತ್ತು ನಿನ್ನನ್ನ ಊಟಕ್ಕೆ ಕರೆದಿದ್ರು. ಬೆಳಿಗ್ಗೆಯಿಂದ ಮಾಂಸ ಬೇಯಿಸ್ತಾ ಇದಾರೆ. ಹುಡುಗ ಹಸಿದು ಬರಲಿ, ತಟ್ಟೆಯಲ್ಲಿ ಬಿಟ್ಟರೆ ನನಗೆ ಆಗಲ್ಲ ಅಂದ್ರು. ಅದಕ್ಕೇ ನಿನಗೆ ಸ್ಯಾಂಡ್‌ವಿಚ್ ಕೊಡಲಿಲ್ಲ. ಇವನಿಗೆ ಕೊಟ್ಟೆ."

ಬರ್ನಿ ಅವಳನ್ನು ನೋಡಿದ. ಮುಂದಿದ್ದ ಖಾಲಿ ಹಾಳೆಗಳ ರಾಶಿ ನೋಡಿದ. ಬಾಗಿಲಲ್ಲಿ ಬೆನ್ನು ಕಾಣುತ್ತಿದ್ದ ಗ್ರೋಬಾರ್ಡನನ್ನು ನೋಡಿದ.

"ನಾಳೆ ಬರ್ಲಾ?"

"ನಾಳೆ ಅಂದ್ರೆ ಶುಕ್ರವಾರ, ನಮ್ಮ ಸಬ್ಬತ್ ಶುರು. ಇಷ್ಟು ಹೊತ್ತಿಗೆ ಒಲೆ ಆರಿಸಿ ದೀಪ ಹಚ್ಚಿ ಕೂತಿರ್ತಾರೆ ಅಮ್ಮ. ಆಮೇಲೆ ಯಾವಾಗ ಮನಸ್ಸು ಬರುತ್ತೋ ನೋಡೋಣ." ಅವಳು ಕೈಗವಸು ಏರಿಸಿದಳು. "ಅತಿಥಿಗೆ ಅಂತ ಮಾಡಿದ್ದು ಹಾಳಾಗಬಾರದು ಅಲ್ವಾ?"

"ಖಂಡಿತ ಹಾಳಾಗಬಾರದು," ಎಂದ ಲೆಸ್ಟರ್, ಹ್ಯಾಟು ಹುಡುಕುತ್ತ. "ನಿಮ್ಮಮ್ಮ ದಿನಾ ಪೇಪರ್ ಓದ್ತಾರಾ?"

ಬಾಗಿಲವರೆಗೆ ಹೋದವನು ಏನೋ ನೆನೆಸಿಕೊಂಡು ವಾಪಸು ಬಂದ. ಮೇಣದ ಕಾಗದದಲ್ಲಿ ಉಳಿದಿದ್ದ, ಹಲ್ಲಿನ ಗುರುತಿದ್ದ ಸ್ಯಾಂಡ್‌ವಿಚ್ ತುದಿಯನ್ನು ಬರ್ನಿಯ ಮುಂದೆ ಇಟ್ಟ.

"ಇಟ್ಕೋ. ನೋಡಿ ಬರೆಯೋಕೆ ಬೇಕಾಗುತ್ತೆ."

ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಇಳಿದು ಹೋಯಿತು. ಬರ್ನಿ ಪೆನ್ಸಿಲ್ ಹೆರೆದ. ಮೀಸೆ ಬರೆದ, ಹಲ್ಲು ಬರೆದ, ಮೂಗು ಒಂದು ಚೂರು ಚಿಕ್ಕದು ಮಾಡಿದ. ಸ್ಯಾಂಡ್‌ವಿಚ್ಚನ್ನು ಎಡದಿಂದ ನೋಡಿ ಬರೆದ, ಬಲದಿಂದ ನೋಡಿ ಬರೆದ. ರೈಲು ಬಂದಾಗ ಕೈ ಎತ್ತಿ, ಹೋದ ಮೇಲೆ ಇಳಿಸಿದ.

ಬರೆದು ಮುಗಿಸಿದ ಮೇಲೆ ಅದನ್ನು ತಿಂದ. ಸಾಸಿವೆ ನಿಜಕ್ಕೂ ಜಾಸ್ತಿಯಾಗಿತ್ತು.