ದೀಪದ ಬಣ್ಣ ಕುರಿತ ಒಡಂಬಡಿಕೆ

ಪರೀಕ್ಷಾ ಸರ್ವರನ್ನು ಕೋಡ್ ಭಂಡಾರಕ್ಕೆ ಜೋಡಿಸಿದ ಮೇಲೆ ಒಂದು ತಪ್ಪೂ ಕಚೇರಿಯ ಹೊಸ್ತಿಲು ದಾಟುವುದಿಲ್ಲವೆಂದು ಆಲಪ್ಪುಳದ ಹಿನ್ನೀರು ದೋಣಿ ಟಿಕೆಟ್ ಗಣಕ ಕೇಂದ್ರದಲ್ಲಿ ಎಲ್ಲರೂ ನಂಬಿದ್ದರು. ಅಲ್ಲೇ ಸಂಬಳ ತೆಗೆದುಕೊಳ್ಳುತ್ತಿದ್ದುದರಿಂದ ನಾನೂ ನಂಬಿದ್ದೆ.

ಜೋಡಿಸಿದವಳು ಪ್ರಸೀದ. ಇಪ್ಪತ್ತು ನಿಮಿಷದ ಕೆಲಸ. ಯಾರಾದರೂ ಭಂಡಾರಕ್ಕೆ ಹೊಸ ಕೋಡ್ ಸೇರಿಸಿದ ಕೂಡಲೇ ಸರ್ವರಿಗೆ ಸುದ್ದಿ ಮುಟ್ಟುತ್ತದೆ. ಅದು ತಾನಾಗಿ ಪರೀಕ್ಷೆ ನಡೆಸಿ ನಿರ್ದೇಶಕರ ಬಾಗಿಲ ಮೇಲೆ ದೀಪ ಹಚ್ಚುತ್ತದೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ದೀಪ ನೋಡಿ ನಿರ್ದೇಶಕರು ರುಜು ಹಾಕಿದರೆ ಕೋಡ್ ದೋಣಿ ನಿಲ್ಲುವ ಜೆಟ್ಟಿಗಳ ಟಿಕೆಟ್ ಯಂತ್ರಗಳಿಗೆ ಹೋಗುತ್ತದೆ. ಪ್ರಸೀದ ಬರೆದ ಪರೀಕ್ಷೆ ಒಂದೇ ಪ್ರಶ್ನೆ ಕೇಳುತ್ತಿತ್ತು: ಎಪ್ಪತ್ತೈದು ಆಸನದ ದೋಣಿಗೆ ಎಪ್ಪತ್ತಾರನೆಯ ಟಿಕೆಟ್ ಕೊಡುತ್ತೀಯಾ? ಬೆಳಗಿನ ಮೊದಲ ದೋಣಿ ನಡೆಸುವವನು ಅವಳ ಅಪ್ಪ.

ಮೂರನೆಯ ದಿನ ಕೆಂಪು ದೀಪ ಹತ್ತಿತು. ಕೆಂಪು ಬಾವುಟದ ನೌಕರರ ಸಂಘದ ಕಾರ್ಯದರ್ಶಿ ವಿಜಯಪ್ಪನ್ ಬಂದರು.

“ಸಾರೇ, ತಪ್ಪಾದ್ರೆ ಕೆಂಪು ಅಂತ ಯಾರು ಹೇಳಿದ್ದು? ಈ ಬಣ್ಣಕ್ಕೆ ಎಷ್ಟು ಸಖಾವುಗಳು, ಎಷ್ಟು ಕಾಮ್ರೇಡ್‌ಗಳು ಲಾಠಿ ತಿಂದಿದಾರೆ ಗೊತ್ತಾ?”

“ಲೋಕದಲ್ಲೆಲ್ಲ ಹಾಗೇ ಅಲ್ವಾ ಸಖಾವೇ,” ಎಂದರು ನಿರ್ದೇಶಕ ಕೋಶಿ ಸಾರ್. “ರಸ್ತೇಲಿ ಟ್ರಾಫಿಕ್ ದೀಪಾನೂ…”

“ಅದಕ್ಕೂ ಅರ್ಜಿ ಕೊಟ್ಟಿದೀವಿ.”

ಬಣ್ಣ ಅದಲು ಬದಲಾಯಿತು. ತಪ್ಪಿಗೆ ಹಸಿರು ಬಂತು. ಹಸಿರು ಬಾವುಟದ ಸಂಘದ ಮೊಯ್ದೀನ್‌ಕುಟ್ಟಿ ಊಟ ಬಿಟ್ಟು ಎದ್ದು ಬಂದರು.

“ಹಸಿರು ಕಂಡ ಕೂಡ್ಲೇ ಎಲ್ರೂ ತಲೆ ಚಚ್ಚಿಕೊಳ್ತಾರೆ ಸಾರೇ. ಮುಂದಿನ ತಿಂಗಳು ನನ್ನ ಮಗಳ ಮದುವೆ. ಹಸಿರು ಚಪ್ಪರ ನೋಡಿ ಅಲ್ಲೂ ಚಚ್ಚಿಕೊಂಡ್ರೆ?”

ಕೇಸರಿ ದೀಪ ತರಿಸುವಷ್ಟರಲ್ಲಿ ಮೂರನೆಯ ಸಂಘ ಬಾಗಿಲಲ್ಲಿ ಧರಣಿ ಕುಳಿತಿತ್ತು. ನೇರಳೆಗೆ ಸಂಘವಿರಲಿಲ್ಲ, ಟೆಂಡರ್ ಕರೆದ ವಾರದಲ್ಲೇ ಒಂದು ಹುಟ್ಟಿತು.

ಐದು ವಾರದ ಮಾತುಕತೆಯ ನಂತರ ಸುತ್ತೋಲೆ ಹೊರಟಿತು: “ಪರೀಕ್ಷೆಯಲ್ಲಿ ತೇರ್ಗಡೆಯಾದಲ್ಲಿ ಬಿಳಿಯ ದೀಪವೂ, ಅನುತ್ತೀರ್ಣವಾದಲ್ಲಿ ಬಿಳಿಯ ದೀಪವೂ ಉರಿಯತಕ್ಕದ್ದು. ಫಲಿತಾಂಶದ ವಿಷಯದಲ್ಲಿ ದೀಪವು ಯಾವ ಪಕ್ಷವನ್ನೂ ವಹಿಸತಕ್ಕದ್ದಲ್ಲ.” ನಾಲ್ಕೂ ಸಂಘಗಳು ಇದನ್ನು ತಮ್ಮ ತಮ್ಮ ಜಯವೆಂದು ಸಾರಿದವು.

ಓಣಂ ಹಬ್ಬದ ಮುಖ್ಯ ದಿನವಾದ ತಿರುವೋಣದ ಹಿಂದಿನ ದಿನ, ಪ್ರೋಗ್ರಾಮರ್ ಬಿನೋಯ್ ದೋಣಿಯ ಆಸನಸಂಖ್ಯೆಗೆ ಒಂದು ಸೊನ್ನೆ ಹೆಚ್ಚಿಗೆ ಹಾಕಿ ಹಬ್ಬಕ್ಕೆ ಊರಿಗೆ ಹೋದ. ಸರ್ವರ್ ತನ್ನ ಕರ್ತವ್ಯ ಮಾಡಿತು. ಬಿಳಿ ದೀಪ ಹತ್ತಿತು. ಪ್ರಸೀದ ಅದೇ ಪರೀಕ್ಷೆಯನ್ನು ಕೈಯಾರೆ ನಡೆಸಿ ನೋಡಿ ಓಡಿಬಂದಳು.

“ಸಾರ್, ರುಜು ಹಾಕಬೇಡಿ! ಎಪ್ಪತ್ತಾರನೇ ಟಿಕೆಟ್ ಕೊಡ್ತಾ ಇದೆ.”

“ದೀಪ ಯಾವ ಬಣ್ಣ ಮೋಳೇ?” ಎಂದು ಕೋಶಿ ಸಾರ್ ಮಗಳನ್ನು ಕರೆಯುವ ಹಾಗೆ ಕೇಳಿದರು.

“ಬಿಳಿ.”

“ಮತ್ತೆ?”

“ಯಾವಾಗಲೂ ಬಿಳೀನೇ ಅಲ್ವಾ ಸಾರ್!”

“ಸ್ಥಿರತೆ ಅನ್ನೋದು ಅದನ್ನೇ.”

ವಿಜಯಪ್ಪನ್ ಮತ್ತು ಮೊಯ್ದೀನ್‌ಕುಟ್ಟಿ ಸೇವೆಯಲ್ಲಿ ಮೊದಲ ಬಾರಿಗೆ ಒಂದೇ ಮಾತಾಡಿದರು: “ಕಷ್ಟಪಟ್ಟು ಆದ ಒಡಂಬಡಿಕೆ, ಪ್ರಸೀದ. ಮುರೀಬೇಡ.”

ಕೋಶಿ ಸಾರ್ ರುಜು ಹಾಕಿದರು. ಪ್ರಸೀದ ಅಪ್ಪನಿಗೆ ಫೋನ್ ಮಾಡಿದಳು.

“ಅಪ್ಪಾ, ನಾಳೆ ತಲೆ ಎಣಿಸಿ ಹತ್ತಿಸಿಕೋ.”

“ನಾನು ಎಣಿಸೋ ಹಾಗಿಲ್ಲ ಮೋಳೇ. ಯಂತ್ರ ಬಂದ ಮೇಲೆ ಎಣಿಸೋದು ನಿಮ್ಮ ಆಫೀಸಿನ ಕೆಲಸ. ಟಿಕೆಟ್ ಇದ್ದೋರನ್ನ ಬಿಟ್ಟುಹೋದ್ರೆ ನನಗೆ ಮೆಮೊ.”

ಸಂಜೆ ಕೇಂದ್ರದಲ್ಲಿ ಪಾಯಸ ಹಂಚಲಾಯಿತು. ಸುತ್ತೋಲೆ ಹೊರಟಂದಿನಿಂದ ಒಂದೂ ಕೆಂಪು ದೀಪ ಹತ್ತಿಲ್ಲವೆಂದು ನಿರ್ದೇಶಕರು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ತಿರುವೋಣದ ಬೆಳಗಿನ ಮೊದಲ ದೋಣಿಗೆ ಇನ್ನೂರ ಹನ್ನೆರಡು ಟಿಕೆಟ್ ಮಾರಾಟವಾಗಿತ್ತು.