ಸಮುದ್ರದ ಮಗ್ಗುಲಲ್ಲಿ ನಾನು ಮಾಯವಾದದ್ದು

ನಮ್ಮವರ ನಿಘಂಟಿನಲ್ಲಿ ನನಗಾಗಿ ಇರುವುದು ಒಂದೇ ಶಬ್ದ: "ಆಮೇಲೆ." ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದರೆ ಆಮೇಲೆ. ಗ್ಯಾಸ್ ಮುಗಿಯಿತು ಎಂದರೆ ಆಮೇಲೆ. ಮದುವೆಯಾದ ಹೊಸತರಲ್ಲಿ, ಗಂಡಂದಿರು ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಆ ಅಲ್ಪಾಯುಷಿ ಸುವರ್ಣಯುಗದಲ್ಲಿ, "ರೀ, ನಾನು ಸಮುದ್ರಾನೇ ನೋಡಿಲ್ಲ" ಎಂದಿದ್ದೆ. ಆಗಲೂ ಆಮೇಲೆ ಎಂದರು. ಮಗಳು ಹುಟ್ಟಿ, ಬೆಳೆದು, ಶಾಲೆಯ ಪ್ರವಾಸದಲ್ಲಿ ಸಮುದ್ರ ನೋಡಿ ಬಂದು, ಒಂದು ಚೀಲ ಕಪ್ಪೆಚಿಪ್ಪು ನನ್ನ ಮುಂದೆ ಸುರಿದು "ಪಾಪ ಅಮ್ಮ" ಎಂದಳು. ನನ್ನ ಆಮೇಲೆ ಮಾತ್ರ ಇನ್ನೂ ಬಂದಿರಲಿಲ್ಲ.

ನಮ್ಮವರದು ಕನ್ನಡಕದ ಅಂಗಡಿ. ಹಗಲೆಲ್ಲ ಊರವರಿಗೆ ಕಾಣದ್ದು ಕಾಣುವಂತೆ ಮಾಡುತ್ತಾರೆ. ಸಂಜೆ ಅಂಗಡಿ ಬಾಗಿಲು ಎಳೆದ ಮೇಲೆ ಕಾಣುವುದನ್ನೆಲ್ಲ ಕಾಣದಂತೆ ಮಾಡುತ್ತಾರೆ. ಜಾದೂ ಹುಚ್ಚು. ನಮ್ಮ ಮನೆಯಲ್ಲಿ ಒಮ್ಮೆಯಾದರೂ ಮಾಯವಾಗದ ಚಮಚವಿಲ್ಲ, ಕರವಸ್ತ್ರವಿಲ್ಲ. (ಮಾಯವಾದದ್ದನ್ನು ವಾಪಸು ತರುವ ಭಾಗವನ್ನು ಇನ್ನೂ ಕಲಿಯುತ್ತಿದ್ದಾರೆ.) ನನ್ನ ತವರಿನಿಂದ ಬಂದ ಮರದ ಬೀರುವಿನ ಬೆನ್ನು ಕೊಯ್ದು, ಅಲ್ಲೊಂದು ಕಳ್ಳಬಾಗಿಲು ಕೂಡಿಸಿ, ಮೈಗೆಲ್ಲ ಕಪ್ಪು ಬಳಿದು "ಮಾಯಾಮಂದಿರ" ಎಂದು ನಾಮಕರಣ ಮಾಡಿದ ದಿನ ನಾನು ಒಲೆ ಹಚ್ಚಲಿಲ್ಲ. ಅದರೊಳಗೆ ನನ್ನ ನಾದಿನಿ ಹೋಗಿ ನಿಲ್ಲುವುದು, ಇವರು ಬಾಗಿಲು ಮುಚ್ಚುವುದು, ಅವಳು ಹಿಂದಿನಿಂದ ಜಾರಿಕೊಳ್ಳುವುದು, ಇವರು ತೆರೆದು ಖಾಲಿ ತೋರಿಸುವುದು. ಮತ್ತೆ ಮುಚ್ಚಿ ಮೂರು ಸಲ ತಟ್ಟಿದರೆ ಅವಳು ಒಳಗೆ ಬಂದು ಹಲ್ಲು ಕಿರಿಯುವುದು. ಇದು ನಮ್ಮವರ ಮಹಾಪ್ರಯೋಗ.

ಇದನ್ನು ತೋರಿಸಿ ಜಾದೂಗಾರರ ಸಂಘಕ್ಕೆ ಸದಸ್ಯರಾಗಬೇಕು ಎನ್ನುವುದು ಅವರ ಜೀವಮಾನದ ಆಸೆ. ಸಂಘದವರು ಪ್ರತಿ ವರ್ಷವೂ "ಇನ್ನಷ್ಟು ಅಭ್ಯಾಸ ಮಾಡಿ" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಈ ವರ್ಷದ ಸಮ್ಮೇಳನ ಸಮುದ್ರದ ದಂಡೆಯ ಹೋಟೆಲೊಂದರಲ್ಲಿ ಎಂದು ತಿಳಿದದ್ದೇ ನಾನು ಪಟ್ಟು ಹಿಡಿದೆ.

"ನಾನೂ ಬರ್ತೀನಿ."

"ನೀನು ಬಂದು ಏನು ಮಾಡ್ತೀಯೇ? ಅಲ್ಲಿ ಬರೀ ಜಾದೂಗಾರರು."

"ನೀವು ಜಾದೂ ನೋಡಿ. ನಾನು ನೀರು ನೋಡ್ತೀನಿ."

"ಸರಿ, ನೋಡೋಣ." ("ನೋಡೋಣ" ಎಂಬುದು "ಆಮೇಲೆ"ಯ ಒಡಹುಟ್ಟಿದ ತಮ್ಮ.)

ಮಗಳನ್ನು ಅವಳಜ್ಜಿಯ ಹತ್ತಿರ ಬಿಟ್ಟು ನಾವು ಮೂವರೂ ಹೊರಟೆವು. ಬೀರು ಬಸ್ಸಿನ ಮೇಲೇರಿತು. ಅದರ ನಿಲುವುಗನ್ನಡಿಯನ್ನು, ಒಡೆದೀತು ಎಂದು, ಕಂಬಳಿ ಸುತ್ತಿ ನನ್ನ ತೊಡೆಯ ಮೇಲೆ ನಿಲ್ಲಿಸಿದರು. ಕೊನೆಯ ತಿರುವಿನಲ್ಲಿ ಇಡೀ ಬಸ್ಸು "ಸಮುದ್ರ, ಸಮುದ್ರ" ಎನ್ನುತ್ತ ನನ್ನ ಕಿಟಕಿಯ ಕಡೆ ಬಗ್ಗಿತು. ನನಗೆ ಕಂಡದ್ದು ಕಂಬಳಿ. ನಾದಿನಿಯಂತೂ ತಲೆಯನ್ನೇ ಎತ್ತಲಿಲ್ಲ. ತಿರುವಿಗೊಂದು ವಾಂತಿ ಮಾಡಿ ಬಾಡಿದ ಸೊಪ್ಪಿನ ಹಾಗಾಗಿದ್ದಳು.

ಹೋಟೆಲಿನ ಕೋಣೆಗೆ ಹೋದರೆ ಗೋಡೆಯಷ್ಟಗಲದ ಕಿಟಕಿ. ನನ್ನ ಎದೆ ಹಿಗ್ಗಿತು. ಎರಡು ಹೆಜ್ಜೆ ಇಟ್ಟಿದ್ದೆ, ಹಾಸಿಗೆಯ ಮೇಲೆ ಬಿದ್ದುಕೊಂಡ ನಾದಿನಿ ನರಳಿದಳು.

"ಅತ್ತಿಗೆ, ಆ ಪರದೆ ಎಳೆದುಬಿಡಿ. ಬೆಳಕು ಕಂಡ್ರೆ ತಲೆ ಸುತ್ತುತ್ತೆ."

"ಒಂದೇ ಒಂದು ಸಲ ನೋಡಿಬಿಡ್ತೀನಿ ಕಣಮ್ಮ."

"ಅಯ್ಯೋ, ಮತ್ತೆ ಬರೋ ಹಾಗಾಗ್ತಿದೆ."

ಎಳೆದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ಕಟ್ಟಿದವರಿಗೆ ಖಂಡಿತ ಒಬ್ಬಳು ನಾದಿನಿ ಇದ್ದಿರಬೇಕು.

ನಮ್ಮವರು ತಂಗಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಗಿರಾಕಿಯ ಮೂಗಿಗೆ ಯಾವ ಫ್ರೇಮು ಕೂರುತ್ತದೆ ಎಂದು ಅಳೆಯುತ್ತಾರಲ್ಲ, ಹಾಗೆ.

"ಏನೇ, ನೀನೂ ಅವಳಷ್ಟೇ ಎತ್ತರ ಅಲ್ವಾ?"

"ಎತ್ತರ ಅಷ್ಟೇ. ಅಗಲದ ವಿಚಾರ ಎತ್ತಬೇಡಿ."

"ಈ ಸಲ ಆಗಲಿಲ್ಲ ಅಂದ್ರೆ ಇನ್ನು ಕರೆಯೋದೇ ಇಲ್ಲ ಅಂತ ಹೇಳಿಬಿಟ್ಟಿದ್ದಾರೆ ಕಣೇ." ದನಿ ಅರ್ಧಕ್ಕೆ ಇಳಿದಿತ್ತು. ಆ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಹಾಳಾದ್ದು, ಗಂಡಂದಿರ ಮುಖಕ್ಕೆ ಬೇಕಾದಾಗಲೆಲ್ಲ ಪಾಪ ಅನ್ನಿಸಿಕೊಳ್ಳುವ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ.

"ಸರಿ. ಮೊದಲು ಸಮುದ್ರ ತೋರಿಸಿ."

"ಆಮೇಲೆ," ಎಂದರು.

ನಾದಿನಿಯ ಮಿನುಗು ಗೌನಿನೊಳಗೆ ನನ್ನನ್ನು ತುಂಬಲಾಯಿತು. ಬೆನ್ನ ಹಿಂದಿನ ಗುಂಡಿಗಳು ಒಂದನ್ನೊಂದು ದೂರದಿಂದಲೇ ನೋಡಿಕೊಂಡವು. ಪಿನ್ನು ಚುಚ್ಚಿ, "ಜೋರಾಗಿ ಉಸಿರಾಡಬೇಡ" ಎಂದು ಅಪ್ಪಣೆಯಾಯಿತು.

ಸಮ್ಮೇಳನದ ಸಭಾಂಗಣವೂ ಸಮುದ್ರಕ್ಕೆ ಅಂಟಿಕೊಂಡೇ ಇತ್ತು. ಅಲೆಯ ಸದ್ದು ಕೇಳುತ್ತಿತ್ತು. ಆದರೆ ಜಾದೂಗಾರರಿಗೂ ಬೆಳಕಿಗೂ ಆಗಿಬರುವುದಿಲ್ಲವಂತೆ; ಒಂದು ಕಿಟಕಿಯನ್ನೂ ಬಿಡದೆ ಕಪ್ಪು ಬಟ್ಟೆ ಹೊಡೆದಿದ್ದರು. ಒಳಗೆ ಒಬ್ಬ ಪಕ್ಕದವನ ಕಿವಿಯಿಂದ ಮೊಟ್ಟೆ ತೆಗೆದರೆ ಆ ಪಕ್ಕದವನು ಇವನ ಗಡ್ಡದಿಂದ ನಿಂಬೆಹಣ್ಣು ತೆಗೆಯುತ್ತಿದ್ದ. ಯಾರಿಗೂ ಆಶ್ಚರ್ಯವಿಲ್ಲ. ಕಾಫಿ ಕುಡಿಯಲು ಹೋದರೆ ಲೋಟದಲ್ಲಿ ಕಾಗದದ ಹೂವು. ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಸಂಘದ ನಿಯಮ: "ಇನ್ನೊಬ್ಬರ ಪೆಟ್ಟಿಗೆ ಮುಟ್ಟಕೂಡದು. ಇನ್ನೊಬ್ಬರ ಗುಟ್ಟು ಕೇಳಕೂಡದು." ಅವರ ಪಾಲಿಗೆ ಇದನ್ನು ಮುರಿಯುವುದಕ್ಕಿಂತ ದೊಡ್ಡ ಪಾಪವಿಲ್ಲ. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮುಖಕ್ಕಿಂತ ಮೀಸೆಯೇ ದೊಡ್ಡದಾದ್ದರಿಂದ ಎಲ್ಲರೂ ಅವರನ್ನು ಮೀಸೆತಾತ ಎನ್ನುತ್ತಿದ್ದರು.

ನಮ್ಮ ಸರದಿ ಬಂತು. ನಾನು ಬೀರು ಹೊಕ್ಕೆ. (ತವರಿನ ಬೀರು, ಇನ್ನೂ ನನ್ನ ಹಳೆಯ ಬಟ್ಟೆಗಳ ವಾಸನೆ ಬರುತ್ತಿತ್ತು.) ಬಾಗಿಲು ಮುಚ್ಚಿತು. ಕಳ್ಳಬಾಗಿಲಿನಿಂದ, ಎರಡು ಪಿನ್ನುಗಳನ್ನು ಬಲಿಕೊಟ್ಟು, ಹಿಂದಿನ ಕಪ್ಪು ಪರದೆಯ ಮರೆಗೆ ಜಾರಿದೆ. ಅಲ್ಲೇ ನಿಂತು ಮೂರು ತಟ್ಟುಗಳಿಗೆ ಕಾಯಬೇಕಿತ್ತು. ಕಾಯುತ್ತಲೂ ಇದ್ದೆ. ಆದರೆ ನನ್ನ ಬೆನ್ನಿಗೆ ಒಂದು ಬಾಗಿಲು ತಗುಲಿತು. ಅದರ ಸಂದಿನಿಂದ ಗಾಳಿ ಬಂತು, ಉಪ್ಪುಪ್ಪು ಗಾಳಿ. ಒಂದೇ ಒಂದು ನೋಟ ಎಂದುಕೊಂಡು ಅಗಳಿ ಎತ್ತಿ ತಲೆ ಹೊರಗೆ ಹಾಕಿದೆ.

ಅಲ್ಲಿತ್ತು.

ಎಷ್ಟೊಂದು ನೀರು ಅಂತೀರಿ. ಯಾರ ಅಪ್ಪಣೆಯೂ ಇಲ್ಲದೆ, ಯಾವ ಆಮೇಲೆಯೂ ಇಲ್ಲದೆ, ನನಗಾಗಿಯೇ ಎನ್ನುವ ಹಾಗೆ ಬಂದು ಬಂದು ಬೀಳುತ್ತಿತ್ತು. ನನಗೆ ಅಳು ಬಂತು. ಇಷ್ಟು ವರ್ಷ ಕಾದದ್ದಕ್ಕೆ ಅಳುವೋ, ಕೊನೆಗೂ ಕಂಡ ಸಂತೋಷಕ್ಕೆ ಅಳುವೋ ತಿಳಿಯಲಿಲ್ಲ. ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹೊರಗಿಟ್ಟೆ. ಗಾಳಿ ಬೀಸಿ ಬಾಗಿಲು ದಢಾರನೆ ಮುಚ್ಚಿತು. ಒಳಗೆ ಅಗಳಿ ಬಿದ್ದ ಸದ್ದು ಕೇಳಿತು.

ಒಳಗಿನಿಂದ ನಮ್ಮವರು ಬೀರು ತಟ್ಟುವುದು ಕೇಳಿಸಿತು: ಟಕ್, ಟಕ್, ಟಕ್. ನಾನು ಗಾಬರಿಯಿಂದ ಹೊರಗಿನ ಬಾಗಿಲು ಬಡಿದೆ: ದಬ್, ದಬ್, ದಬ್. ಅವರು ಮತ್ತೆ ತಟ್ಟಿದರು. ನಾನೂ ಮತ್ತೆ ಬಡಿದೆ. ಆಗ ಒಳಗೆ ಚಪ್ಪಾಳೆಯೋ ಚಪ್ಪಾಳೆ. ಸದ್ಯ, ಹೇಗೋ ನಿಭಾಯಿಸಿದರು, ಇನ್ನು ನನಗೇನು ಕೆಲಸ ಎಂದು ನಾನು ಗೌನು ಎತ್ತಿಕೊಂಡು ನೀರಿಗೆ ನಡೆದೆ. ಐಸ್‌ಕ್ಯಾಂಡಿ ಮಾರುವವನು ಗಾಡಿ ನಿಲ್ಲಿಸಿ, "ಸರ್ಕಸ್ಸಿನೋರಾ ಅಮ್ಮಾ?" ಎಂದು ಕೇಳಿದ. "ಹೌದಪ್ಪ, ಇವತ್ತು ರಜ" ಎಂದೆ.

ಮೊಣಕಾಲುದ್ದ ನೀರಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ನಮ್ಮವರು ಕರಿಕೋಟಿನಲ್ಲಿ ಏದುಸಿರು ಬಿಡುತ್ತ ಓಡಿಬಂದರು. ನನ್ನನ್ನು ಕಂಡವರೇ ಬೂಟಿನ ಸಮೇತ ನೀರಿಗಿಳಿದು ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ಕಳ್ಕೊಂಡೇ ಬಿಟ್ಟೆ ಅನ್ಕೊಂಡೆ ಕಣೇ."

"ನಾನೇನು ಚಮಚಾನಾ? ಆಟ ಏನಾಯ್ತು?"

"ತೆಗೆದ್ರೆ ಖಾಲಿ. ಮತ್ತೆ ತೆಗೆದ್ರೂ ಖಾಲಿ. ಬೀರು ಒಳಗೆ ತಲೆ ಹಾಕಿ, ಏನೇ, ಎಲ್ಲಿದ್ದೀಯೇ ಅಂತ ಕೂಗಿದೆ. ಮೀಸೆತಾತನ ಕಾಲ ಹತ್ರ ಹೋಗಿ, ಸಾರ್, ನನ್ನ ಹೆಂಡ್ತಿ ನಿಜವಾಗ್ಲೂ ಕಾಣಿಸ್ತಿಲ್ಲ ಅಂದೆ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೀತು. ಇಂಥ ಅಭಿನಯ ನಮ್ಮ ಜನ್ಮದಲ್ಲಿ ನೋಡಿಲ್ಲ ಅಂದ್ರು. ಪರಲೋಕದಿಂದ ಬಂದ ಹಾಗೆ ಬಡಿಯೋ ಸದ್ದು ಕೇಳಿಸ್ತಲ್ಲ, ಅದು ಹೇಗೆ ಅಂತ ನಾಲಿಗೆ ತುದಿಗೆ ಬಂದ್ರೂ, ನಿಯಮ ಇದೆಯಲ್ಲ, ಯಾರೂ ಕೇಳಲಿಲ್ಲ."

"ಅಂದ್ರೆ?"

"ಸದಸ್ಯತ್ವ ಕೊಟ್ಟುಬಿಟ್ರು ಕಣೇ." ಅತ್ತದ್ದೂ ಆಯಿತು, ನಕ್ಕದ್ದೂ ಆಯಿತು. ನನಗೂ ಹಿಗ್ಗಾಯಿತು, ಸುಳ್ಳೇಕೆ. ಅಷ್ಟರಲ್ಲಿ ಹೋಟೆಲಿನ ಬಾಗಿಲಲ್ಲಿ ಒಂದಿಬ್ಬರು ಕರಿಕೋಟಿನವರು ಕಾಣಿಸಿದರು. ನಮ್ಮವರು ನನ್ನ ತಲೆ ಅಮುಕಿದರು.

"ಬಗ್ಗು, ಬಗ್ಗು. ನೀನು ಕಂಡ್ರೆ ಎಲ್ಲಾ ಹೋಯ್ತು."

"ಈಗ ತಾನೇ ಕಂಡಿಲ್ಲ ಅಂತ ಅತ್ತಿರಿ."

"ಹಿಂಬಾಗಿಲಿಂದ ಹೋದಳು ಅಂತ ಗೊತ್ತಾದ್ರೆ ನನ್ನ ಮಾನ ಉಳಿಯುತ್ತಾ?"

ಹೀಗಾಗಿ ನಾನು ಮಾಯವಾಗಿಯೇ ಉಳಿಯಬೇಕಾಯಿತು. ನಮ್ಮವರ ಗೌರವಾರ್ಥ ನಡೆದ ಔತಣದಲ್ಲಿ ನಾನಿಲ್ಲ. ಅದರ ಘಮಘಮವನ್ನು ಒಂದು ಮಗುಚಿಹಾಕಿದ ದೋಣಿಯ ಹಿಂದೆ ಕೂತು ಸೇವಿಸಿದೆ. ಸಂಘದ ಬಸ್ಸಿನಲ್ಲಿ ಎಲ್ಲರನ್ನೂ ದೊಡ್ಡ ನಿಲ್ದಾಣದವರೆಗೆ ಬಿಡುತ್ತಾರೆಂದು ಗೊತ್ತಾದಾಗ ಉಳಿದದ್ದು ಒಂದೇ ದಾರಿ. ನಾನು ಮತ್ತೆ ತವರಿನ ಬೀರು ಹೊಕ್ಕೆ. ಅದನ್ನು ಬಸ್ಸಿನೊಳಗೆ, ಕೊನೆಯ ಸೀಟಿನ ಹಿಂದೆ ಎತ್ತಿಟ್ಟ ಕ್ಲೀನರು, "ಏನ್ ಸಾರ್ ಇದರೊಳಗೆ, ಕಲ್ಲಾ?" ಎಂದು ಕೇಳಿದ.

"ಖಾಲಿ," ಎಂದರು ನಮ್ಮವರು.

ಬಸ್ಸು ದಡದುದ್ದಕ್ಕೂ ಸಾಗಿತು. ನಾದಿನಿ ಅಷ್ಟರಲ್ಲಿ ಚೇತರಿಸಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಯಾರೂ ನೋಡದಾಗ ಬೀರುವಿನ ಸಂದಿಗೆ ಬಾಯಿಟ್ಟು, "ಅತ್ತಿಗೆ, ಸೂರ್ಯ ನೀರಿಗಿಳೀತಾ ಇದ್ದಾನೆ. ಎಷ್ಟು ಚೆನ್ನಾಗಿದೆ ಅಂತೀರಿ" ಎಂದಳು. ನಾನು ಒಳಗಿನಿಂದ ಒಂದು ಗುದ್ದು ಕೊಟ್ಟೆ. ಆಗಲೇ ಮೀಸೆತಾತನ ದನಿ ಹತ್ತಿರ ಬಂತು.

"ನಿಯಮ ಮುರಿದು ಗುಟ್ಟು ಕೇಳ್ತಿಲ್ಲಪ್ಪ. ಆದರೆ ನಿಮ್ಮ ಮನೆಯವರನ್ನ ಕಳಿಸಿದ್ದೆಲ್ಲಿಗೆ, ಅಷ್ಟು ಹೇಳಿ."

ನಮ್ಮವರು ಸುಮ್ಮನಿರಬಹುದಿತ್ತು. ಹೊಸ ಸದಸ್ಯರಲ್ಲವೇ, ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: "ಸಮುದ್ರಗರ್ಭಕ್ಕೆ."

"ಭಲೇ. ಹಾಗಾದ್ರೆ ಮುಂದಿನ ಸಮ್ಮೇಳನವೂ ಇಲ್ಲೇ ಇಡೋಣ. ನಾವೆಲ್ಲ ದಡದಲ್ಲಿ ಕಾಯ್ತೀವಿ. ನೀವು ಅವರನ್ನ ನೀರೊಳಗಿಂದ ತೆಗೆದು ತೋರಿಸಿ." ಬಸ್ಸಿನ ತುಂಬ ಚಪ್ಪಾಳೆ. ಬೀರುವಿನೊಳಗೆ ನಾನು ತಲೆ ಚಚ್ಚಿಕೊಂಡದ್ದನ್ನು ಯಾರೋ ಎಂಜಿನ್ನಿನ ಸದ್ದು ಎಂದರು.

ಈಗ ನಮ್ಮ ಬಚ್ಚಲುಮನೆಗೆ ಒಂದು ದೊಡ್ಡ ತೊಟ್ಟಿ ಬಂದಿದೆ. ನಾನು ದಿನಾ ಅದರೊಳಗೆ ಮೂಗು ಹಿಡಿದು ಮುಳುಗಿ ಕೂರುತ್ತೇನೆ. (ಮೂಗು ಹಿಡಿದರೆ ಬಾಯಿ ಬಿಡುತ್ತದೆ ಎಂಬ ಗಾದೆ ಅಕ್ಷರಶಃ ನಿಜ.) ಮಗಳು ತನ್ನ ಕಪ್ಪೆಚಿಪ್ಪುಗಳನ್ನು ತಂದು ತೊಟ್ಟಿಗೆ ಹಾಕಿದ್ದಾಳೆ, ಅಮ್ಮನಿಗೆ ಅಭ್ಯಾಸವಾಗಲಿ ಎಂದು. ನಮ್ಮವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಗಡಿಯಾರ ಹಿಡಿದು ಕೂತಿರುತ್ತಾರೆ. ಅಡುಗೆಮನೆಯ ನಲ್ಲಿ ಈಗಲೂ ಸೋರುತ್ತಿದೆ.

ನಿನ್ನೆ ತಲೆ ಮೇಲೆತ್ತಿ, ಕೆಮ್ಮಿ, ಕೇಳಿದೆ: "ರೀ, ಸಾಕಲ್ವಾ? ಎದ್ದು ಬರ್ಲಾ?"

ಗಡಿಯಾರದಿಂದ ಕಣ್ಣು ತೆಗೆಯದೆ ಹೇಳಿದರು: "ಆಮೇಲೆ."